ಪಾಚಿ ಹಿಡಿದ ಕೊಂಬೆಯ ಕಿವುಡ ಓತಿ

ಶ್ರೀಲಂಕಾದ ನಡುನಾಡಿನ ಬೆಟ್ಟಗಳ ನೆತ್ತಿಯಲ್ಲಿ, ವರ್ಷದ ಬಹುಪಾಲು ಮಂಜಿನಲ್ಲಿ ನೆನೆಯುವ ಕಾಡುಗಳಲ್ಲಿ, ಕೋಫೋಟಿಸ್ ಸಿಲಾನಿಕಾ ಎಂಬ ಪುಟ್ಟ ಓತಿ ಬದುಕುತ್ತದೆ. ಮೂತಿಯಿಂದ ಬಾಲದ ಬುಡದವರೆಗೆ ಅದು ಸುಮಾರು 6 ಸೆಂಟಿಮೀಟರ್. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ, ‘ಕರ್ವಾಲೋ’ ಓದಿದವರಿಗೆ ಪರಿಚಿತವಾದ ಹಾರುವ ಓತಿ, ಎರಡೂ ಇದರ ಬಳಗದವೇ. ನಡಿಗೆ ಮಾತ್ರ ಗೋಸುಂಬೆಯದು: ಕಾಲೆತ್ತಿ ಇಡುವುದಕ್ಕೂ ಅವಸರವಿಲ್ಲ.

1861ರಲ್ಲಿ ಬರ್ಲಿನ್ನಿನ ಪ್ರಾಣಿವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ ಈ ಕುಲಕ್ಕೆ ಕೋಫೋಟಿಸ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅದರ ಅರ್ಥ ಕಿವುಡುಗಿವಿ. ಓತಿಕ್ಯಾತದ ಕೆನ್ನೆಯ ಹಿಂದೆ ಕಿವಿಯ ತಮಟೆ ಎದ್ದು ಕಾಣುತ್ತದೆ. ಇದರಲ್ಲಿ ಆ ಜಾಗವೂ ಹುರುಪೆಯಿಂದ ಮುಚ್ಚಿದೆ. ಮೈಮೇಲಿನ ಹುರುಪೆಗಳು ದೊಡ್ಡವು, ಒಂದರ ಮೇಲೊಂದು ಹೆಂಚಿನಂತೆ ಕೂತಿರುತ್ತವೆ. ಕಂದು ಬೆರೆತ ಹಸಿರು ಮೈ, ಬಾಲಕ್ಕೆ ಕಪ್ಪು ಪಟ್ಟೆ. ಪಾಚಿಯೂ ಕಲ್ಲುಹೂವೂ ಅಡರಿದ ಕೊಂಬೆಗೆ ಅದು ಅವುಚಿಕೊಂಡು ಕೂತರೆ, ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಬಾಲವೇ ಅದರ ಐದನೆಯ ಕಾಲು; ತುದಿ ಕೊಂಬೆಗೆ ಸುತ್ತಿ ಹಿಡಿಯುತ್ತದೆ.

ಮೂತಿಯ ಮೇಲೆ ಕೊಂಬುಳ್ಳ ಸೆರಟೋಫೋರಾ ಓತಿಗಳೂ ಇದೇ ದ್ವೀಪದವು; ನೋಡುಗರ ಮೆಚ್ಚುಗೆಯೆಲ್ಲ ಅವಕ್ಕೇ. ಆದರೆ ಅಚ್ಚರಿಯ ಸಂಗತಿ ಇರುವುದು ಕೋಫೋಟಿಸ್‌ನ ಹೊಟ್ಟೆಯಲ್ಲಿ. ಓತಿಕ್ಯಾತದ ಬಳಗ ಹೆಚ್ಚುಕಡಿಮೆ ಪೂರ್ತಿ ಮೊಟ್ಟೆಯಿಡುವಂಥದ್ದು. ಕೊಂಬಿನ ಓತಿಯೂ ನೆಲಕ್ಕಿಳಿದು, ಮಣ್ಣು ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕೋಫೋಟಿಸ್ ಮರಿ ಹಾಕುತ್ತದೆ. ಬಳಗದಲ್ಲಿ ಹೀಗೆ ಮಾಡುವ ಇನ್ನೊಂದು ಗುಂಪು ದೂರದ ಟಿಬೆಟಿನ ಎತ್ತರದ ಬಯಲಿನದು. ಎರಡೂ ಕಡೆ ಕಾರಣ ಚಳಿಯೇ ಇರಬೇಕೆಂಬುದು ಒಪ್ಪಿತ ವಿವರಣೆ. ತಣ್ಣನೆಯ ಮಣ್ಣಿನಲ್ಲಿ ಮೊಟ್ಟೆ ಬೆಳೆಯುವುದು ನಿಧಾನ, ಕೊಳೆಯುವುದು ಸುಲಭ. ಅದನ್ನು ಒಡಲಲ್ಲೇ ಉಳಿಸಿಕೊಂಡ ತಾಯಿ ಬಿಸಿಲು ಬಿದ್ದ ಕಡೆಗೆ ಹೋಗಿ ಕಾಯಿಸಿಕೊಳ್ಳಬಹುದು, ಮರದಿಂದ ಇಳಿಯುವ ಅಪಾಯವೂ ತಪ್ಪುತ್ತದೆ.

ನುವರ ಎಲಿಯ, ಹಕ್ಗಲ, ಹಾರ್ಟನ್ ಪ್ಲೇನ್ಸ್ ಇದರ ನೆಲೆಗಳು. ಹಾರ್ಟನ್ ಪ್ಲೇನ್ಸ್ 2,000 ಮೀಟರಿಗೂ ಮೇಲಿನ ಪ್ರಸ್ಥಭೂಮಿ. 1988ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿನ ಮರಗಳು ಗಾಳಿಗೆ ಕುಳ್ಳಾಗಿ, ಕೊಡೆಯಂತೆ ಹರಡಿಕೊಂಡಿವೆ. ಸುರಹೊನ್ನೆಯ ಕುಲದವೂ ಅವುಗಳಲ್ಲಿ ಸೇರಿವೆ. ಎಲೆಗಳು ಮಂಜಿನಿಂದ ನೀರು ಸೋಸಿ ಕೆಳಗೆ ತೊಟ್ಟಿಕ್ಕಿಸುತ್ತವೆ. ಓತಿ ನೆಚ್ಚಿಕೊಂಡಿರುವ ಪಾಚಿ ಬದುಕುವುದು ಆ ನೀರಿನಿಂದಲೇ. ಕೆಲವು ದಶಕಗಳಿಂದ ಇಲ್ಲಿ ಮರಗಳು ತುದಿಯಿಂದ ಒಣಗುತ್ತ ನಿಂತಲ್ಲೇ ಸಾಯುತ್ತಿವೆ. ಪ್ರವಾಸಿಗರ ತಿಂಡಿಯ ಜಾಡು ಹಿಡಿದು ಮೇಲೇರಿದ ಕಾಗೆಗಳ ಕಾಟ ಬೇರೆ. ಕಾಗೆಗೆ ನಿಧಾನದ ಓತಿಗಿಂತ ಸುಲಭದ ತುತ್ತು ಯಾವುದು?

ಮಹಾವೇಲಿ ಕಣಿವೆಯಾಚೆ, ಸಿಂಹಳದಲ್ಲಿ ದುಂಬರ ಎನ್ನುವ ನಕಲ್ಸ್ ಬೆಟ್ಟಸಾಲಿದೆ. ಅಲ್ಲಿನ ಓತಿ ಬೇರೆಯದೇ ಪ್ರಭೇದವೆಂದು 2006ರಲ್ಲಿ ಗುರುತಿಸಿ ಕೋಫೋಟಿಸ್ ದುಂಬರ ಎಂದು ಕರೆದರು. ಕುಲಕ್ಕೆ ಇವೆರಡೇ ಪ್ರಭೇದ. ದುಂಬರದ್ದು ಅಳಿವಿನ ತೀರಾ ಅಂಚಿನಲ್ಲಿದೆ. ಅದರ ಮೊದಲ ಕಂಟಕ ಮಲೆನಾಡಿಗರಿಗೆ ಹೊಸತೇನಲ್ಲ: ಏಲಕ್ಕಿ. ನೆರಳಿಗೆಂದು ದೊಡ್ಡ ಮರಗಳನ್ನು ಉಳಿಸಿ, ಅಡಿಯ ಗಿಡಗಂಟಿ ಸವರಿ ಏಲಕ್ಕಿ ನೆಟ್ಟಾಗ ದೂರಕ್ಕೆ ಕಾಡು ಕಾಡಾಗಿಯೇ ಕಾಣುತ್ತದೆ. ಓತಿಗೆ ಬೇಕಾದ ಸಣ್ಣ ಕೊಂಬೆಗಳ ಮಟ್ಟವೇ ಅಲ್ಲಿ ಇರುವುದಿಲ್ಲ.

ಈ ಓತಿಗಳನ್ನು ಸಾಕುವ ಶೋಕಿ ವಿದೇಶಗಳಲ್ಲಿದೆ. ಶ್ರೀಲಂಕಾದ ಕೋರಿಕೆಯಂತೆ 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಸಭೆ ಎರಡೂ ಪ್ರಭೇದಗಳನ್ನು ಮೊದಲ ಅನುಬಂಧಕ್ಕೆ ಸೇರಿಸಿತು. ಕಾಡಿನಿಂದ ಹಿಡಿದವುಗಳ ವಾಣಿಜ್ಯ ಸಾಗಣೆ ಅದರಿಂದ ನಿಷಿದ್ಧ. ಮರಿ ಹಾಕುವ ಗುಣವೇ ಇಲ್ಲಿ ಕಳ್ಳಸಾಗಣೆಗಾರರಿಗೆ ಅನುಕೂಲ. ಬಸುರಿ ಓತಿಯೊಂದನ್ನು ಕದ್ದು ಸಾಗಿಸಿದರೆ, ಅದು ಪಂಜರದಲ್ಲಿ ಹಾಕಿದ ನಾಲ್ಕಾರು ಮರಿಗಳನ್ನು ಸಾಕಿ ಬೆಳೆಸಿದವೆಂದು ತೋರಿಸಿ ಮಾರಬಹುದು.