ಕಾಣೆಯಾದವರ ಶೋಧ: ಡ್ರೋನ್‌ಗಿಂತ ಕಣ್ಣುಗಳ ಕೊರತೆ

ಹವ್ಯಾಸಕ್ಕಾಗಿ ಡ್ರೋನ್ ಹಾರಿಸುವವರ ಕೌಶಲವನ್ನು ಕಾಣೆಯಾದವರ ಹುಡುಕಾಟಕ್ಕೆ ಬಳಸಿಕೊಳ್ಳಬಹುದೆಂಬ ವಿಚಾರಕ್ಕೆ ಈಗ ಒಂದು ದಶಕಕ್ಕೂ ಮಿಕ್ಕ ಇತಿಹಾಸವಿದೆ. 2013ರ ಮೇ ತಿಂಗಳಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಕಾರು ಮಗುಚಿ ಗಾಯಗೊಂಡು, ದಿಕ್ಕು ತಪ್ಪಿ ಚಳಿಯಲ್ಲಿ ಅಲೆದಿದ್ದ ಚಾಲಕನನ್ನು ಅಲ್ಲಿನ ಪೊಲೀಸರು ಥರ್ಮಲ್ ಕ್ಯಾಮೆರಾ ಹೊತ್ತ ಪುಟ್ಟ ಡ್ರೋನ್‌ನ ನೆರವಿನಿಂದ ಪತ್ತೆ ಮಾಡಿದರು. ಮರುತಿಂಗಳು ಉತ್ತರಾಖಂಡದ ಪ್ರವಾಹದಲ್ಲಿ ಡಿಆರ್‌ಡಿಒ ಮತ್ತು ಐಡಿಯಾಫೋರ್ಜ್ ಸಂಸ್ಥೆ ಜೊತೆಗೂಡಿ ರೂಪಿಸಿದ್ದ ‘ನೇತ್ರ’ ಡ್ರೋನ್ ಸಿಕ್ಕಿಬಿದ್ದವರನ್ನು ಹುಡುಕುವ ಕೆಲಸಕ್ಕೆ ಇಳಿಯಿತು. ಇವೆರಡೂ ಸರ್ಕಾರಿ ವ್ಯವಸ್ಥೆಯ ಕೆಲಸಗಳು. ಹವ್ಯಾಸಿಯೊಬ್ಬನ ಪಾತ್ರ ಎದ್ದು ಕಂಡದ್ದು 2014ರ ಜುಲೈನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ: ಮರೆವಿನ ಕಾಯಿಲೆಯಿದ್ದ 82 ವರ್ಷದ ವೃದ್ಧರೊಬ್ಬರಿಗಾಗಿ ನಾಯಿಗಳೂ ಸ್ವಯಂಸೇವಕರೂ ಮೂರು ದಿನ ಹುಡುಕಿ ಕೈಚೆಲ್ಲುವ ಹಂತದಲ್ಲಿದ್ದಾಗ, ಅಲ್ಲಿಗೆ ಬಂದಿದ್ದ ಹವ್ಯಾಸಿಯೊಬ್ಬ ತನ್ನ ಡ್ರೋನ್ ಹಾರಿಸಿ ಸುಮಾರು 20 ನಿಮಿಷದಲ್ಲಿ ಸೋಯಾ ಹೊಲದ ನಡುವೆ ಅವರನ್ನು ಜೀವಂತವಾಗಿ ಕಂಡುಹಿಡಿದ.

ಈ ಬಗೆಯ ಸುದ್ದಿಗಳನ್ನು ಓದಿದ ಬೆಂಗಳೂರಿನ ಹವ್ಯಾಸಿಗೆ ತಾನೂ ನೆರವಾಗಬೇಕೆನಿಸುವುದು ಸಹಜ ಮತ್ತು ಮೆಚ್ಚತಕ್ಕದ್ದು. ಆದರೆ ಕಂಟೋನ್ಮೆಂಟ್ ಮತ್ತು ಪೂರ್ವ ಬೆಂಗಳೂರಿನ ಆಕಾಶ ವಿಸ್ಕಾನ್ಸಿನ್ ಹೊಲದ ಮೇಲಿನ ಆಕಾಶದಂತಲ್ಲ. ಭಾರತದ ಚಾಲಕರಹಿತ ವಿಮಾನಗಳ ಚರಿತ್ರೆಯ ದೊಡ್ಡ ಭಾಗ ನಡೆದಿರುವುದು ಇದೇ ದಿಕ್ಕಿನಲ್ಲಿ: ‘ಲಕ್ಷ್ಯ’ ಮತ್ತು ‘ನಿಶಾಂತ್’ಗಳನ್ನು ರೂಪಿಸಿದ ವೈಮಾನಿಕ ಅಭಿವೃದ್ಧಿ ಸಂಸ್ಥೆ ಸಿ.ವಿ. ರಾಮನ್ ನಗರದಲ್ಲಿದೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಕೋಡಿಹಳ್ಳಿಯ ಬಳಿ ಇದೆ, ಹಲಸೂರು ಕೆರೆಯ ದಡಕ್ಕೇ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೇನಾ ನೆಲೆ ತಾಗಿಕೊಂಡಿದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಎಚ್‌ಎಎಲ್ ನಿಲ್ದಾಣ ಸೇನೆಯ ಹಾಗೂ ಪರೀಕ್ಷಾ ಹಾರಾಟಗಳಿಂದ ಜೀವಂತವಾಗಿಯೇ ಇದೆ. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸುತ್ತವೆ; ಹಸಿರಿನಲ್ಲಿ 400 ಅಡಿ ಎತ್ತರದವರೆಗೆ ಅನುಮತಿ ಕೇಳಬೇಕಿಲ್ಲ, ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೂ, ವಾಣಿಜ್ಯೇತರ ಉದ್ದೇಶಕ್ಕೆ ಬಳಸುವ 2 ಕಿಲೋವರೆಗಿನ ಮೈಕ್ರೊ ಡ್ರೋನ್‌ಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲವೆಂಬ ರಿಯಾಯಿತಿಯನ್ನು ಎಲ್ಲೆಂದರಲ್ಲಿ ಹಾರಿಸುವ ಪರವಾನಗಿ ಎಂದು ಓದಿಕೊಳ್ಳುವುದು ತಪ್ಪು. ವಿಮಾನ ನಿಲ್ದಾಣ ಇಷ್ಟು ಹತ್ತಿರವಿರುವಾಗ ಇಂದಿರಾನಗರದ ತಾರಸಿಯಿಂದ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಸದುದ್ದೇಶದ್ದಾದರೂ ಅಪರಾಧವಾಗುತ್ತದೆ.

ಕಾನೂನಿನ ತೊಡಕನ್ನು ಬದಿಗಿಟ್ಟು ಶೋಧದ ಕ್ರಮವನ್ನೇ ನೋಡಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಸುಮಾರು 50 ಹೆಕ್ಟೇರ್ ವಿಸ್ತಾರದ ಹಲಸೂರು ಕೆರೆಯನ್ನು, ಬೇಕಾದ ಅನುಮತಿಗಳೆಲ್ಲ ಸಿಕ್ಕಿವೆ ಎಂದು ಭಾವಿಸಿ, ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸಾಮಾನ್ಯ ಡ್ರೋನ್ ಕ್ಯಾಮೆರಾ 60 ಮೀಟರ್ ಎತ್ತರದಿಂದ ಸುಮಾರು 90 ಮೀಟರ್ ಅಗಲದ ಪಟ್ಟಿಯನ್ನು ಸೆರೆಹಿಡಿಯುತ್ತದೆ; ಒಂದು ಪಟ್ಟಿ ಪಕ್ಕದ ಪಟ್ಟಿಯ ಮೇಲೆ ಮೂರನೇ ಒಂದು ಭಾಗದಷ್ಟು ಒರಗುವಂತೆ, ಹೊಲ ಉಳುವವನು ಸಾಲಿನ ಪಕ್ಕ ಸಾಲು ಹಿಡಿದು ತಿರುಗುವ ಹಾಗೆ ಹಾರಿಸಿದರೆ ಒಟ್ಟು 8 ಕಿಲೋಮೀಟರ್ ಹಾದಿಯಾಗುತ್ತದೆ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಅದಕ್ಕೆ 27 ನಿಮಿಷ ಹಿಡಿಯುತ್ತದೆ, ತಿರುವುಗಳನ್ನೂ ಸೇರಿಸಿದರೆ ಎರಡು ಬ್ಯಾಟರಿ ಬೇಕು. ಹಾರಾಟದ ಭಾಗ ಇಷ್ಟೇ, ಮತ್ತು ಇಂದಿನ ಡ್ರೋನ್‌ಗಳು ಇದನ್ನು ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ. ಆದರೆ ಈ ಹಾರಾಟ 170ರಷ್ಟು ಚಿತ್ರಗಳನ್ನು ತರುತ್ತದೆ. ಪ್ರತಿ ಚಿತ್ರದ ಅಗಲ 4,000 ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಅತಿಸಣ್ಣ ಚುಕ್ಕಿಗಳು. ಒಂದೊಂದು ಪಿಕ್ಸೆಲ್ ಕೆರೆಯ ಮೇಲೆ 2 ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಜಾಗವನ್ನು ತೋರಿಸುತ್ತದೆ, ಹಾಗಾಗಿ ಮನುಷ್ಯನ ಭುಜದ ಅಗಲ ಸುಮಾರು 20 ಪಿಕ್ಸೆಲ್ ಆಗುತ್ತದೆ. ಕೈಯಲ್ಲಿ ಹಿಡಿದ ಮೊಬೈಲ್ ಪರದೆಗೆ ಇಡೀ ಚಿತ್ರವನ್ನು ಕುಗ್ಗಿಸಿದಾಗ ಆ 20 ಪಿಕ್ಸೆಲ್ ಐದಾರಕ್ಕೆ ಇಳಿದು, ಜೊಂಡು ಮತ್ತು ಅಂತರಗಂಗೆಯ ನಡುವೆ ತೇಲುವ ಪ್ಲಾಸ್ಟಿಕ್ ಚೀಲಕ್ಕೂ ಅಂಗಿಯೊಂದಕ್ಕೂ ವ್ಯತ್ಯಾಸವೇ ತಿಳಿಯದಂತಾಗುತ್ತದೆ. ಆದ್ದರಿಂದ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಪೂರ್ಣ ಗಾತ್ರದಲ್ಲಿ ತೆರೆದು, ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕವನ್ನೂ ಕಣ್ಣಿಟ್ಟು ನೋಡಬೇಕು. ಚಿತ್ರಕ್ಕೆ ಒಂದು ನಿಮಿಷವೆಂದರೂ ಒಬ್ಬನಿಗೆ ಸುಮಾರು ಮೂರು ಗಂಟೆಯ ಕೆಲಸ. ಅದನ್ನೇ 12 ಮಂದಿ ಹಂಚಿಕೊಂಡರೆ ಕಾಲು ಗಂಟೆ. ನುರಿತ ಶೋಧ ತಂಡಕ್ಕೂ ಬರಿಯ ಡ್ರೋನ್ ಮಾಲೀಕನಿಗೂ ಇರುವ ಅಂತರ ಈ ಕಾಲು ಗಂಟೆಯಲ್ಲಿದೆ.

ದೇಹದ ಶಾಖವನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ಈ ಶ್ರಮವನ್ನೆಲ್ಲ ಉಳಿಸುತ್ತದೆಂಬ ನಂಬಿಕೆ ಹವ್ಯಾಸಿಗಳಲ್ಲಿ ವ್ಯಾಪಕವಾಗಿದೆ. ಈ ಕ್ಯಾಮೆರಾ ನೋಡುವುದು ವಸ್ತುಗಳ ಮೇಲ್ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಮಾತ್ರ; ಆ ಕಿರಣಗಳು ನೀರನ್ನಾಗಲಿ ಗಾಜನ್ನಾಗಲಿ ದಟ್ಟ ಎಲೆಗಳನ್ನಾಗಲಿ ಹಾದು ಬರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ತಗಡಿನ ಚಾವಣಿ, ಡಾಂಬರು, ಬಂಡೆಗಳೆಲ್ಲ ಮನುಷ್ಯನ ಚರ್ಮಕ್ಕಿಂತ ಬಿಸಿಯಾಗಿರುವುದರಿಂದ ಮನುಷ್ಯ ಅವುಗಳ ನಡುವೆ ಕರಗಿಹೋಗುತ್ತಾನೆ. ನೆಲ ತಣಿದಿರುವ ಬೆಳಗಿನ ಜಾವವೇ ಅದಕ್ಕೆ ಒಳ್ಳೆಯ ಸಮಯ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ನಡೆದಂಥ ಶೋಧದಲ್ಲಿ, ಕಾಂಕ್ರೀಟಿನ ಅಡಿ ಸಿಲುಕಿದವರನ್ನು ಮೇಲಿನಿಂದ ಯಾವ ಥರ್ಮಲ್ ಕ್ಯಾಮೆರಾವೂ ತೋರಿಸಲಾರದು. ಅಲ್ಲಿ ನಾಯಿಯ ಮೂಗು ಮತ್ತು ಸಿಬ್ಬಂದಿಯ ಕಿವಿಯೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕರ್ನಾಟಕದಲ್ಲಿ ಡ್ರೋನ್ ಶೋಧ ಮನೆಮಾತಾದದ್ದು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ. ಕೇರಳದ ಲಾರಿ ಮತ್ತು ಅದರ ಚಾಲಕನ ಹುಡುಕಾಟಕ್ಕೆ ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ, ಹೂತುಹೋದ ಲೋಹವನ್ನು ಗುರುತಿಸುವ ಉಪಕರಣವನ್ನು ಡ್ರೋನ್‌ಗೆ ಕಟ್ಟಿ ಗಂಗಾವಳಿ ನದಿಯ ಮೇಲೆ ಹಾರಿಸಿ ಸಂಭವನೀಯ ಜಾಗಗಳನ್ನು ಸೂಚಿಸಿತು. ನದಿಯ ಸೆಳೆತದಲ್ಲಿ ಮುಳುಗುಗಾರರ ಶೋಧ ಫಲಿಸದೆ, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿ ಲಾರಿಯನ್ನೂ ಚಾಲಕನ ದೇಹವನ್ನೂ ಹೊರತೆಗೆದದ್ದು ಸೆಪ್ಟೆಂಬರ್ 25ರಂದು. ಎಲ್ಲಿ ಹುಡುಕಬೇಕೆಂಬುದನ್ನು ಡ್ರೋನ್ ಹೇಳಬಲ್ಲದು. ಉಳಿದದ್ದೆಲ್ಲ ನೀರಿಗಿಳಿಯುವವರ, ಮಣ್ಣು ತೆಗೆಯುವವರ ಪಾಲಿಗೆ ಬರುತ್ತದೆ.

ಪೂರ್ವ ಬೆಂಗಳೂರಿನಲ್ಲಿಯೂ ಜಾಗಕ್ಕೆ ತಕ್ಕಂತೆ ಡ್ರೋನ್‌ನ ಉಪಯುಕ್ತತೆ ಬದಲಾಗುತ್ತದೆ. ಶಿವಾಜಿನಗರದಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕಲು ಅದು ನಿರುಪಯುಕ್ತ: ಗಲ್ಲಿಗಳ ಮೇಲೆ ಟಾರ್ಪಾಲು ಮತ್ತು ವಿದ್ಯುತ್ ತಂತಿ, ರಸೆಲ್ ಮಾರುಕಟ್ಟೆಯ ಸುತ್ತ ಮಾಂಸಕ್ಕಾಗಿ ಗಿರಕಿ ಹೊಡೆಯುವ ಹದ್ದುಗಳು, ಕೆಳಗೆ ಸಾವಿರಾರು ತಲೆಗಳು. ಅಲ್ಲಿ ಅಂಗಡಿಗಳ ಸಿಸಿಟಿವಿಯೂ ಬೀಟ್ ಪೊಲೀಸರೂ ಎಷ್ಟೋ ಮೇಲು. ಕೆ.ಆರ್. ಪುರದ ಕಡೆ ಪರಿಸ್ಥಿತಿಯೇ ಬೇರೆ. ಎಲೆಮಲ್ಲಪ್ಪ ಶೆಟ್ಟಿ ಕೆರೆಯ ವಿಸ್ತಾರ, ಕಾಲಿಟ್ಟರೆ ಕುಸಿಯುವ ಜೌಗು ದಂಡೆ, ಬಡಾವಣೆಗಳ ಹಿಂದೆ ಹರಿಯುವ ರಾಜಕಾಲುವೆಗಳು ಕಾಲ್ನಡಿಗೆಯ ಶೋಧಕ್ಕೆ ದಕ್ಕುವಂಥವಲ್ಲ. 2022ರ ಜೂನ್‌ನಲ್ಲಿ ಅಲ್ಲಿನ ಗಾಯತ್ರಿ ಬಡಾವಣೆಯಲ್ಲಿ ಮಳೆಯ ರಾತ್ರಿ ಯುವಕನೊಬ್ಬ ರಾಜಕಾಲುವೆಗೆ ಕೊಚ್ಚಿಹೋದಂಥ ಸಂದರ್ಭದಲ್ಲಿ, ಕಾಲುವೆಯ ಎರಡೂ ದಡಗಳನ್ನು, ಕಸ ಸಿಕ್ಕಿಕೊಳ್ಳುವ ಮೋರಿಬಾಯಿಗಳನ್ನು, ನೀರು ಕೆರೆಗೆ ಸೇರುವ ಜಾಗವನ್ನು ಬೆಳಕು ಹರಿದ ಮೊದಲ ಗಂಟೆಯಲ್ಲೇ ಮೇಲಿನಿಂದ ನೋಡಿ ಮುಗಿಸುವುದು ಸಾಧ್ಯ. ರಕ್ಷಣಾ ಸಿಬ್ಬಂದಿಯನ್ನು ಕೆಸರಿಗೆ ಇಳಿಸುವ ಮೊದಲು ಅಪಾಯದ ಜಾಗಗಳನ್ನು ತೋರಿಸಿಕೊಡುವುದೂ ಸಣ್ಣ ಉಪಕಾರವಲ್ಲ.

ಕರೆಯದೆ ಬಂದು ಹಾರಿಸುವ ಡ್ರೋನ್ ಮಾತ್ರ ಶೋಧಕ್ಕೆ ಅಡ್ಡಿ. ಅದೇ ಆಕಾಶಕ್ಕೆ ಬರಬೇಕಾದ ಹೆಲಿಕಾಪ್ಟರ್ ದೂರವೇ ಉಳಿಯಬೇಕಾಗುತ್ತದೆ. ಇಬ್ಬರು ಒಂದೇ ಪಟ್ಟಿಯನ್ನು ಎರಡೆರಡು ಸಲ ನೋಡಿ ಪಕ್ಕದ್ದನ್ನು ಯಾರೂ ನೋಡದೆ ಬಿಡುತ್ತಾರೆ. ಸಿಕ್ಕ ಚಿತ್ರವನ್ನು ಬಂಧುಗಳಿಗೆ ತಿಳಿಯುವ ಮೊದಲೇ ವಾಟ್ಸ್‌ಆ್ಯಪ್‌ಗೆ ಹಾಕುವುದಂತೂ ಕ್ರೌರ್ಯ. ಸ್ಥಳದಲ್ಲಿರುವ ಅಧಿಕಾರಿ ಹೇಳಿದ ಪಟ್ಟಿಯಲ್ಲಿ ಹಾರಿಸಿ, ಏನೂ ಕಾಣದಿದ್ದರೆ ‘ಏನೂ ಕಾಣಲಿಲ್ಲ’ ಎಂದೇ ಬರೆದುಕೊಟ್ಟು, ಚಿತ್ರಗಳನ್ನೆಲ್ಲ ಅವರಿಗೆ ಒಪ್ಪಿಸುವುದು ಹವ್ಯಾಸಿಯ ಧರ್ಮ.

ಇದಕ್ಕೆ ಬೇಕಾದ ಬಾಗಿಲು ಹಲಸೂರು ಕೆರೆಯ ಪಕ್ಕದಲ್ಲೇ ಇದೆ. ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕೇಂದ್ರ ಕಚೇರಿಯೂ ಗೃಹರಕ್ಷಕ ದಳ ಹಾಗೂ ಪೌರರಕ್ಷಣೆಯ ಕಚೇರಿಯೂ ಇವೆ. 2025ರ ಮೇ 7ರ ಪೌರರಕ್ಷಣಾ ಅಣಕು ಕಾರ್ಯಾಚರಣೆ ಬೆಂಗಳೂರಿನಲ್ಲಿ ನಡೆದದ್ದೂ ಹಲಸೂರಿನಲ್ಲೇ. 1968ರ ಪೌರರಕ್ಷಣಾ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಪೌರರಕ್ಷಣಾ ಸ್ವಯಂಸೇವಕರ ಕೆಲಸಕ್ಕೆ ಸೇರಿಸಿದೆ. ಡ್ರೋನ್ ಉಳ್ಳ ಹವ್ಯಾಸಿಗಳು ಅಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ. ಇಲಾಖೆಗಳೂ ಇವರ ಪಟ್ಟಿಯೊಂದನ್ನು ಇಟ್ಟುಕೊಂಡು, ವಾಯು ಸಂಚಾರ ನಿಯಂತ್ರಕರ ಅನುಮತಿ ಪಡೆಯುವ ಕ್ರಮವನ್ನು ಅವಘಡಕ್ಕೆ ಮೊದಲೇ ಗೊತ್ತುಮಾಡಿ, ಚಿತ್ರ ನೋಡುವ ತಂಡಗಳಿಗೆ ತರಬೇತಿ ಕೊಡಲಿ. ಡ್ರೋನ್ ಇಲ್ಲದವರೂ, ನಿವೃತ್ತರೂ, ವಿದ್ಯಾರ್ಥಿಗಳೂ ತಾಳ್ಮೆಯ ಕಣ್ಣೊಂದಿದ್ದರೆ ಈ ಕೆಲಸಕ್ಕೆ ಬರಬಹುದು. ಉಳಿದ ಓದುಗರು ಒಂದು ಮಾತನ್ನು ನೆನಪಿಡಬೇಕು: ಗಂಟೆಗೆ 3 ಕಿಲೋಮೀಟರ್ ನಡೆಯುವ ವೃದ್ಧರು ದಾರಿ ತಪ್ಪಿದರೆ ಒಂದೇ ಗಂಟೆಯಲ್ಲಿ ಹುಡುಕಬೇಕಾದ ವಿಸ್ತೀರ್ಣ 28 ಚದರ ಕಿಲೋಮೀಟರ್ ಆಗುತ್ತದೆ, ಎರಡು ಗಂಟೆಯಲ್ಲಿ ಅದರ ನಾಲ್ಕು ಪಟ್ಟಾಗುತ್ತದೆ. ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮನೆಯವರೊಬ್ಬರು ಕಾಣದಾದ ಕೂಡಲೇ 112ಕ್ಕೆ ಕರೆ ಮಾಡಿ.