ಬಾಲ್ಯದ ವಿಸ್ಮಯ ಮತ್ತು ಕಾವ್ಯಸೃಷ್ಟಿ: ಭಾಷೆಯ ದೃಷ್ಟಿಯಿಂದ ಒಂದು ವಿವೇಚನೆ

ಕವಿಯ ಸೃಷ್ಟಿಗೆ ಬಾಲ್ಯದ ವಿಸ್ಮಯವೇ ಮೂಲಸೆಲೆಯೆಂಬ ಮಾತು ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಈ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಸ್ಮಯವು ಎಲ್ಲ ಮಕ್ಕಳಿಗೂ ಸಾಮಾನ್ಯವಾದುದು. ಕಾವ್ಯವಾದರೋ ಕೆಲವರಿಂದ ಮಾತ್ರ ಹುಟ್ಟುತ್ತದೆ. ಎಲ್ಲರಲ್ಲಿಯೂ ಇರುವ ಕಾರಣವು ಕೆಲವರಲ್ಲಿ ಮಾತ್ರ ಫಲಿಸುವುದಾದರೆ ಅದರೊಡನೆ ಮತ್ತೊಂದು ಕಾರಣವೂ ಕೂಡಿರಬೇಕಷ್ಟೆ. ಅದನ್ನು ಪ್ರತಿಭೆಯೆಂದು ಕರೆದು ಸುಮ್ಮನಾಗುವುದು ಸುಲಭ. ಪ್ರತಿಭೆಯನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಮಗುವಿನ ವಿಸ್ಮಯವು ಯಾವ ಭಾಷೆಯಲ್ಲಿ ಬೇರೂರಿತು?

ಭರತನು ವಿಸ್ಮಯವನ್ನು ಅದ್ಭುತರಸದ ಸ್ಥಾಯಿಭಾವವೆಂದು ಹೇಳಿದ್ದಾನೆ. ಸ್ಥಾಯಿಯು ತಾನೇ ರಸವಲ್ಲ. ವಿಭಾವಾದಿಗಳ ಸಂಯೋಗದಿಂದ ಅದು ರಸವಾಗಬೇಕು. ಕಾಮನಬಿಲ್ಲನ್ನು ಕಂಡು ಬೆರಗಾದ ಮಗು ಇನ್ನೂ ಕವಿಯಲ್ಲ. ಆ ಬೆರಗು ಮಾತಿನ ಆಶ್ರಯವನ್ನು ಪಡೆದು, ಸಂಸ್ಕಾರರೂಪದಲ್ಲಿ ಉಳಿದು, ಪ್ರೌಢವಯಸ್ಸಿನಲ್ಲಿ ಮರಳಿ ಎಚ್ಚರಗೊಳ್ಳಬೇಕು. ಆ ಆಶ್ರಯ ದೊರೆಯದಿದ್ದರೆ ಅದು ಬರಿಯ ನೆನಪಾಗಿ ಮಸುಳಿಹೋಗುತ್ತದೆ.

ಮಕ್ಕಳ ಮಾತಿನ ಮಹತ್ತ್ವವನ್ನು ಕನ್ನಡದ ಮೊದಲ ಲಕ್ಷಣಗ್ರಂಥವೇ ಮನಗಂಡಿತ್ತು. ಕ್ರಿ.ಶ. 850ರ ಸುಮಾರಿನಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಜನರನ್ನು ವರ್ಣಿಸುವಾಗ, ವಿದ್ವಾಂಸರನ್ನಷ್ಟೇ ಕೊಂಡಾಡದೆ, ಇಲ್ಲಿಯ ಸಣ್ಣ ಮಕ್ಕಳೂ ಮೂಗರೂ ಸಹ ವಿವೇಕವನ್ನು ತಿಳಿಯಬಲ್ಲರೆಂಬ ಅಭಿಪ್ರಾಯವನ್ನು ಸೂಚಿಸುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದು ಸೇಡಂ ತಾಲ್ಲೂಕಿನ ಮಳಖೇಡ. ಅದೇ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿದೆ ಚಿಮ್ಮನಚೋಡ. ನೃಪತುಂಗನ ಆಸ್ಥಾನದಿಂದ ಹೊರಟ ಆ ಮೆಚ್ಚುಗೆಗೆ ಇಂದಿನ ಚಿಮ್ಮನಚೋಡದ ಮಗುವೂ ವಾರಸುದಾರನೆಂಬುದನ್ನು ನಾವು ಮರೆಯಲಾಗದು.

ಆಧುನಿಕ ಸಾಹಿತ್ಯದಲ್ಲಿ ಕುವೆಂಪು ಅವರದು ಪ್ರಸಿದ್ಧ ನಿದರ್ಶನ. 1904ರಲ್ಲಿ ಜನಿಸಿ, ಕುಪ್ಪಳಿಯ ಕಾಡಿನ ನಡುವೆ ಬೆಳೆದ ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಕೃತಿ 1922ರಲ್ಲಿ ಪ್ರಕಟವಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯುವಂತೆ ಅವರಿಗೆ ಸಲಹೆಯಿತ್ತ ಸಂಗತಿ ಸುವಿದಿತವಾಗಿದೆ. ಕಾಡು ಅದೇ, ಕಂಡ ಕಣ್ಣೂ ಅದೇ. ಆದರೂ ಮಲೆನಾಡು ತನ್ನ ನಿಜಸ್ವರೂಪದಿಂದ ಮೈದೋರಿದ್ದು 1933ರ ‘ಮಲೆನಾಡಿನ ಚಿತ್ರಗಳು’ ಮೊದಲಾದ ಕನ್ನಡ ಕೃತಿಗಳಲ್ಲಿ. ಹುಡುಗನ ಬೆರಗೂ, ಅದನ್ನು ನೆನೆಯುವ ಪ್ರೌಢನ ನಸುನಗೆಯೂ ಅಲ್ಲಿ ಒಟ್ಟೊಟ್ಟಿಗೆ ಸಾಗುತ್ತವೆ. ಅನುಭವಕ್ಕೆ ಅದು ಹುಟ್ಟಿದ ನುಡಿ ಮರಳಿ ದೊರೆತುದರ ಫಲವಿದೆಂದು ನಮ್ಮ ಎಣಿಕೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಇವರೆಲ್ಲ ಕನ್ನಡದಲ್ಲಿ ಬರೆದೇ ಹಿರಿಯರಾದರು. ಹಾಗಾದರೆ ತಾಯ್ನುಡಿಯ ವಾದವು ಬಿದ್ದುಹೋಯಿತೇ? ವಾದವು ಬೀಳುವುದಿಲ್ಲ, ಅದನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕಾರ್ನಾಡರು ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲವಿದ್ದವರು. 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ‘ಯಯಾತಿ’ಯನ್ನು ಬರೆಯತೊಡಗಿದಾಗ ಅದು ನಾಟಕವಾಗಿ, ಅದೂ ಕನ್ನಡದಲ್ಲಿ ಬಂದದ್ದು ತಮಗೇ ಅಚ್ಚರಿಯೆನಿಸಿತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದರ ಬೇರನ್ನು ಶಿರಸಿಯ ಬಾಲ್ಯದಲ್ಲಿ, ಅಲ್ಲಿ ಕಂಡ ಕಂಪನಿ ನಾಟಕಗಳಲ್ಲಿ ಹಾಗೂ ಯಕ್ಷಗಾನದಲ್ಲಿ ಅರಸಬೇಕು. ‘ಹಯವದನ’ದಲ್ಲಿ ಪಾತ್ರಗಳ ಪ್ರವೇಶಕ್ಕೆ ಬಳಕೆಯಾಗುವ ತೆರೆಯು ಆ ಹಳೆಯ ಬೆರಗಿನ ನೇರ ಉತ್ತರಾಧಿಕಾರಿ. ಆದ್ದರಿಂದ ನಿರ್ಣಾಯಕವಾದುದು ಮನೆಯ ಮಾತೇ ಆಗಬೇಕಿಲ್ಲ; ಮಗು ಆಡಿದ, ಕೇಳಿದ, ಬೆರಗುಗೊಂಡ ಮಾತು ಯಾವುದೋ ಅದು. ಧಾರವಾಡದ ಓಣಿಯ ಕನ್ನಡವು ಬೇಂದ್ರೆಯವರಿಗೆ ಅಂತಹ ಮಾತಾಯಿತು.

ಈ ಭಾಗದ ಅನುಭವವಾದರೋ ಇನ್ನೂ ತೊಡಕಿನದು. ನಿಜಾಮರ ಆಳ್ವಿಕೆಯಲ್ಲಿ, ಅಂದರೆ 1948ರವರೆಗೆ, ಇಲ್ಲಿ ಆಡಳಿತಕ್ಕೂ ಉಚ್ಚಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಬೋಧಿಸಿತು. ಅದೇ ವರ್ಷ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಆ ಸಂಸ್ಥಾನದಲ್ಲಿಯೇ ಬೆಳೆದವರು. ಮುಂದೆ ಉನ್ನತಾಧಿಕಾರಿಯಾಗಿ, ‘ಕಾವ್ಯಾನಂದ’ರೆಂಬ ಹೆಸರಿನಿಂದ ಪ್ರೌಢಕಾವ್ಯವನ್ನೂ ರಚಿಸಿದರು. ಆದರೆ ಮಕ್ಕಳಿಗಾಗಿ ಬರೆಯುವಾಗ ತಮ್ಮ ಸಂಕಲನಕ್ಕೆ ಅವರಿಟ್ಟ ಹೆಸರು ‘ತುಪ್ಪಾ ರೊಟ್ಟಿ ಗೇಗೇಗೇ’. ಪಾಠಶಾಲೆಯ ಯಾವ ಭಾಷೆಯೂ ಕಲಿಸದ, ಆಟದ ಬಾಯಲ್ಲಿ ಮಾತ್ರ ಉಳಿಯುವ ಲಯವದು. ಕಲಿತ ಭಾಷೆಗಳು ಎಷ್ಟೇ ಇದ್ದರೂ ವಿಸ್ಮಯವು ತನ್ನ ಮೊದಲ ನುಡಿಯನ್ನೇ ಹುಡುಕಿಕೊಂಡು ಹೋಗುತ್ತದೆಂಬುದಕ್ಕೆ ಇದು ಸಾಕ್ಷಿ.

ಈ ವಿವೇಚನೆಯು ಕೇವಲ ಗತಕಾಲಕ್ಕೆ ಸಂಬಂಧಿಸಿದುದಲ್ಲ. ಚಿಂಚೋಳಿ ತಾಲ್ಲೂಕು ತೆಲಂಗಾಣದ ಗಡಿಗೆ ತಾಗಿದ ನಾಡು. ಕನ್ನಡದೊಡನೆ ತೆಲುಗು, ಉರ್ದುಗಳು ಇಲ್ಲಿಯ ಕಿವಿಗೆ ಹೊಸವಲ್ಲ. ತಾಂಡಾಗಳ ಮಕ್ಕಳ ಮನೆಯಲ್ಲಿ ಸ್ವಂತ ಲಿಪಿಯಿಲ್ಲದ ಗೋರಬೋಲಿ. ಕಾಡು, ಕೆರೆ, ತೊಗರಿಯ ಹೊಲಗಳ ನಡುವೆ ಬೆರಗಿಗೆ ಇಲ್ಲೇನೂ ಕೊರತೆಯಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅರಣ್ಯವೂ ಈ ತಾಲ್ಲೂಕಿನದೇ. ಕೊರತೆಯಿರುವುದು ಆಶ್ರಯದ್ದು. ಮಗು ಹಕ್ಕಿಯೊಂದನ್ನು ಮನೆಯ ಹೆಸರಿನಿಂದ ಕರೆದಾಗ ಅದನ್ನು ತಪ್ಪೆಂದು ತಿದ್ದಿದರೆ, ಹೆಸರಿನೊಡನೆ ಆ ಹಕ್ಕಿಯನ್ನು ಕಂಡ ಸಂತೋಷವನ್ನೂ ಅಳಿಸಿದಂತಾಗುತ್ತದೆ. ಗ್ರಂಥಸ್ಥ ಕನ್ನಡವನ್ನು ಕಲಿಸುವುದು ಅವಶ್ಯಕವೇ. ಆದರೆ ಅದು ಮಗುವಿನ ಮಾತಿಗೆ ಮೇಲ್ಮನೆಯಾಗಬೇಕೇ ಹೊರತು ಅದನ್ನು ಕೆಡವಿ ಕಟ್ಟಿದ ಮನೆಯಾಗಬಾರದು.

ವಿಸ್ಮಯವು ಸೃಷ್ಟಿಯ ಬೀಜವೆಂಬುದು ನಿಜ. ಬೀಜಕ್ಕೆ ನೆಲವಾಗಿರುವುದು ಮಗುವಿನ ಮಾತು. ನೆಲವನ್ನು ಕಡೆಗಣಿಸಿ ಬೆಳೆಯನ್ನು ಹಾರೈಸುವುದು ಸಲ್ಲದು. ಕಿರುಮಕ್ಕಳ ವಿವೇಕವನ್ನು ಮೆಚ್ಚಿ ಆರಂಭವಾದ ಪರಂಪರೆಯೊಂದು ಅದೇ ಮಕ್ಕಳ ನುಡಿಗೆ ಕಿವಿಗೊಡದೆ ಹೋದರೆ, ನಷ್ಟವಾಗುವುದು ಆ ಮಕ್ಕಳಿಗೆ ಮಾತ್ರವಲ್ಲ, ನಾಳಿನ ಕನ್ನಡಕಾವ್ಯಕ್ಕೂ ಹೌದೆಂದು ನಾವು ಭಾವಿಸುತ್ತೇವೆ.