ಕಿತಾಬ್ ಅಲ್-ಹಿಂದ್: ಮೊದಲು ವರದಿ, ಆಮೇಲೆ ತೀರ್ಪು

ಅಲ್ ಬಿರೂನಿ ಭಾರತವನ್ನು ಕುರಿತು ಅರಬ್ಬಿಯಲ್ಲಿ ಬರೆದ 'ಕಿತಾಬ್ ಅಲ್-ಹಿಂದ್' ಗ್ರಂಥವನ್ನು ಓದುವವರಿಗಿಂತ ಉದ್ಧರಿಸುವವರೇ ನಮ್ಮಲ್ಲಿ ಹೆಚ್ಚು. ಹಿಂದೂಗಳಿಗೆ ತಮ್ಮ ದೇಶ, ತಮ್ಮ ವಿದ್ಯೆಗಳ ಬಗ್ಗೆ ಅತಿಯಾದ ಹೆಮ್ಮೆ ಎಂದು ಅವನು ದೂರಿದ್ದನ್ನು ಒಬ್ಬರು ಎತ್ತಿಕೊಂಡರೆ, ಘಜ್ನಿ ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು ಎಂದು ಅವನು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎರಡು ಮಾತೂ ಮೊದಲನೆಯ ಅಧ್ಯಾಯದಲ್ಲೇ, ಹೆಚ್ಚು ಅಂತರವಿಲ್ಲದೆ ಬರುತ್ತವೆ. ಗ್ರಂಥದಲ್ಲಿರುವುದು 80 ಅಧ್ಯಾಯಗಳು. ಉಳಿದ 79ರಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಹಾಗಾಗಿ ಬಿರೂನಿ ಒಂದು ಕಡೆ ಉದಾರ ಮನಸ್ಸಿನ ಸಹಿಷ್ಣುವಾಗಿ, ಮತ್ತೊಂದು ಕಡೆ ದಾಳಿಕೋರನ ಆಸ್ಥಾನದ ಸಾಕ್ಷಿಯಾಗಿ ನಮಗೆ ಪರಿಚಯವಾಗಿದ್ದಾನೆ. ಈ ಎರಡು ಚಿತ್ರಗಳೂ ಗ್ರಂಥದ ನಿಜವಾದ ಹಿರಿಮೆಯನ್ನು ಮುಟ್ಟುವುದಿಲ್ಲ. ಆ ಹಿರಿಮೆ ಇರುವುದು ಲೇಖಕನ ಸಹಾನುಭೂತಿಯಲ್ಲಲ್ಲ, ಅವನು ತನ್ನ ಮೇಲೆ ತಾನೇ ಹೇರಿಕೊಂಡ ಶಿಸ್ತಿನಲ್ಲಿ. ಎದುರಿನವನ ಮಾತನ್ನು ಅವನದೇ ಗ್ರಂಥದಿಂದ, ಅವನದೇ ತರ್ಕದ ಸಮೇತ ಮೊದಲು ದಾಖಲಿಸಬೇಕು, ತೀರ್ಪು ಆಮೇಲೆ. ಈ ಶಿಸ್ತು ಎಷ್ಟು ಗಟ್ಟಿಯಾದದ್ದೆಂದರೆ, ಬಿರೂನಿಯ ತೀರ್ಪು ಎಡವಿದಾಗ ಅದನ್ನು ತಿದ್ದಲು ಬೇಕಾದ ಸಾಕ್ಷ್ಯವೂ ಇದೇ ಗ್ರಂಥದಲ್ಲಿ ಸಿಗುತ್ತದೆ.

ಇಂಥ ಗ್ರಂಥ ಒಬ್ಬ ಮಹಾಮೇಧಾವಿಯ ತಲೆಯಿಂದ ದಿಢೀರನೆ ಹುಟ್ಟಿದ್ದಲ್ಲ. ಬಿರೂನಿ 973ರಲ್ಲಿ ಖ್ವಾರಿಜ್ಮ್‌ನ ಕಾತ್ ಪಟ್ಟಣದಲ್ಲಿ ಹುಟ್ಟಿದವನು. ಅವನ ತಾಯಿನುಡಿ ಅರಬ್ಬಿಯಲ್ಲ. ಆದರೂ ಜ್ಞಾನದ ಮಾತಿಗೆ ಅವನು ಅರಬ್ಬಿಯನ್ನೇ ಆರಿಸಿಕೊಂಡ, ಏಕೆಂದರೆ ಅಷ್ಟು ಹೊತ್ತಿಗೆ ಅದು ಅನೇಕ ನಾಡುಗಳ ವಿದ್ಯೆ ಬಂದು ಸೇರುವ ಭಾಷೆಯಾಗಿತ್ತು. 762ರಲ್ಲಿ ಬಾಗ್ದಾದ್ ನಗರವನ್ನು ಕಟ್ಟಿಸಿದ ಖಲೀಫ ಅಲ್ ಮನ್ಸೂರನ ಕಾಲದಲ್ಲೇ ಭಾರತದ ಒಂದು ಸಿದ್ಧಾಂತ ಗ್ರಂಥ ಅಲ್ಲಿಗೆ ತಲುಪಿ 'ಸಿಂದ್‌ಹಿಂದ್' ಎಂಬ ಹೆಸರಿನಲ್ಲಿ ಅರಬ್ಬಿ ಖಗೋಳಶಾಸ್ತ್ರದ ಭಾಗವಾಗಿತ್ತು. ಮುಂದಿನ ಶತಮಾನದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯ ಗೇಲನ್‌ನ ಗ್ರೀಕ್ ಗ್ರಂಥಗಳ ಹಲವು ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ, ಪಾಠ ನಿರ್ಧರಿಸಿ ಅನುವಾದಿಸುವ ಪದ್ಧತಿಯನ್ನು ನೆಲೆಗೊಳಿಸಿದ. ಮೂಲವನ್ನು ನೋಡದೆ ಮಾತಾಡಬಾರದು ಎಂಬ ಎಚ್ಚರ ಅಲ್ಲಿ ವಿದ್ವಾಂಸರ ಕಸುಬಿನ ಭಾಗವಾಗಿಬಿಟ್ಟಿತ್ತು. ಬಿರೂನಿ ಆ ಪರಂಪರೆಯ ಫಲ. ಸುಮಾರು 1000ದ ಹೊತ್ತಿಗೆ ಬರೆದ 'ಅಲ್-ಆಸಾರ್ ಅಲ್-ಬಾಕಿಯಾ' ಗ್ರಂಥದಲ್ಲಿ ಅವನು ಪಾರಸಿ, ಯಹೂದಿ, ಕ್ರೈಸ್ತ, ಸೋಗ್ದಿಯನ್ ಜನರ ಕಾಲಗಣನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ್ದ. 1017ರಲ್ಲಿ ಮಹಮೂದ್ ಖ್ವಾರಿಜ್ಮನ್ನು ಗೆದ್ದು ಅವನನ್ನು ಘಜ್ನಿಗೆ ಕರೆದೊಯ್ದಾಗ ಅವನಿಗೆ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಸಂಸ್ಕೃತ ಕಲಿಯಲು ಕೂತ. ಪಂಡಿತರನ್ನು ಕರೆಸಿಕೊಂಡ, ಹಣ ಸುರಿದು ಪೋಥಿಗಳನ್ನು ಸಂಗ್ರಹಿಸಿದ, ಸಾಂಖ್ಯದ ಒಂದು ಗ್ರಂಥವನ್ನೂ ಪತಂಜಲಿಯ ಯೋಗಸೂತ್ರಗಳನ್ನೂ ಅರಬ್ಬಿಗೆ ತಂದ. ಹಿಂದ್ ಗ್ರಂಥ ಮುಗಿದದ್ದು 1030ರ ಸುಮಾರಿಗೆ, ಮಹಮೂದ್ ತೀರಿಕೊಂಡ ಹೊತ್ತಿಗೆ.

ಗ್ರಂಥಕ್ಕೆ ಪ್ರೇರಣೆ ಏನೆಂಬುದನ್ನು ಮುನ್ನುಡಿ ಹೇಳುತ್ತದೆ. ಭಾರತದ ಮಾತು ಅಲ್ಲಿ ಮೊದಲು ಬರುವುದೇ ಇಲ್ಲ. ಮುಸ್ಲಿಮರೊಳಗಿನ ಮುಅತಝಿಲಾ ಪಂಥದ ವಾದವನ್ನು ಒಬ್ಬ ಗ್ರಂಥಕರ್ತ ತಿರುಚಿ ಬರೆದಿದ್ದಾನೆಂಬ ದೂರಿನಿಂದ ಮಾತು ಶುರುವಾಗುತ್ತದೆ. ಸ್ವಂತ ಧರ್ಮದ ಇನ್ನೊಂದು ಪಂಥದ ಬಗ್ಗೆಯೇ ನೆಟ್ಟಗೆ ಬರೆಯಲಾಗದಿದ್ದರೆ ದೂರದ ಜನರ ಬಗ್ಗೆ ಬರೆದದ್ದರ ಗತಿಯೇನು ಎಂಬಲ್ಲಿಗೆ ಮಾತು ಬಂದು, ಹಿಂದೂಗಳ ಬಗ್ಗೆ ಆವರೆಗೆ ಇದ್ದ ಪುಸ್ತಕಗಳು ಒಂದನ್ನೊಂದು ನಕಲು ಮಾಡಿದ, ಪರಿಶೀಲನೆಯಿಲ್ಲದ ಕಂತೆಗಳು ಎಂಬ ನಿರ್ಣಯಕ್ಕೆ ತಲುಪುತ್ತದೆ. ಅಧ್ಯಾಯಗಳ ನಡಿಗೆ ಈ ಅತೃಪ್ತಿಗೆ ಕೊಟ್ಟ ಉತ್ತರ. ಮೊದಲು ವಿಷಯ, ಅನಂತರ ಗೀತೆ, ವಿಷ್ಣುಪುರಾಣ, ವಾಯುಪುರಾಣ, ಬ್ರಹ್ಮಗುಪ್ತ, ವರಾಹಮಿಹಿರ ಹೀಗೆ ಮೂಲದ ಮಾತುಗಳು, ಆಮೇಲೆ ಪ್ಲೇಟೋ ಮೊದಲಾದ ಗ್ರೀಕರೊಂದಿಗೋ ಸೂಫಿಗಳೊಂದಿಗೋ ಹೋಲಿಕೆ, ಬೇಕೆನಿಸಿದರೆ ಕೊನೆಗೆ ತನ್ನ ಅಭಿಪ್ರಾಯ. ಖಂಡನೆಗಾಗಿ ಈ ಪುಸ್ತಕ ಬರೆಯುತ್ತಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಆದರೆ ಗ್ರಂಥದ ಉದ್ದನೆಯ ಅರಬ್ಬಿ ಹೆಸರಿನಲ್ಲೇ ಬುದ್ಧಿ ಒಪ್ಪುವಂಥದ್ದು, ಬುದ್ಧಿ ತಳ್ಳಿಹಾಕುವಂಥದ್ದು ಎಂಬ ವಿಂಗಡಣೆ ಇದೆ. ತೀರ್ಪನ್ನು ಬಿಟ್ಟುಕೊಟ್ಟವನಲ್ಲ ಅವನು; ಮುಂದಕ್ಕೆ ಹಾಕಿದವನು. ಸಹಿಷ್ಣುತೆಯ ಪ್ರತಿಮೆಯಾಗಿ ಅವನನ್ನು ಕಾಣುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಮೂರ್ತಿಪೂಜೆಯನ್ನು ಕುರಿತ ಅಧ್ಯಾಯದಲ್ಲಿ ಈ ವಿಧಾನ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಘಜ್ನಿಯ ಆಸ್ಥಾನದ ಮುಸ್ಲಿಮ್ ವಿದ್ವಾಂಸನೊಬ್ಬ ಇಲ್ಲಿ ಸಿಟ್ಟಿನಿಂದ ಆರಂಭಿಸುತ್ತಾನೆಂದು ಯಾರಾದರೂ ನಿರೀಕ್ಷಿಸಬಹುದು. ಬಿರೂನಿ ಆರಂಭಿಸುವುದು ಸಾಮಾನ್ಯ ಮನುಷ್ಯನ ಮನಸ್ಸಿನಿಂದ. ಅಮೂರ್ತವಾದದ್ದು ಸಾಮಾನ್ಯರ ಕೈಗೆ ಸಿಕ್ಕುವುದಿಲ್ಲ, ಅವರಿಗೆ ಕಣ್ಣಿಗೆ ಕಾಣುವಂಥದ್ದು ಬೇಕು ಎನ್ನುತ್ತಾನೆ. ಅದಕ್ಕೆ ಕೊಡುವ ಉದಾಹರಣೆ ತನ್ನವರದೇ. ಪ್ರವಾದಿಯದೋ ಮೆಕ್ಕಾದ ಕಾಬಾದ್ದೋ ಒಂದು ಚಿತ್ರ ಬರೆದು ಓದುಬರಹವಿಲ್ಲದ ಗಂಡಸಿಗೋ ಹೆಂಗಸಿಗೋ ತೋರಿಸಿದರೆ, ಅವರು ಹಿಗ್ಗಿನಿಂದ ಅದಕ್ಕೆ ಮುತ್ತಿಟ್ಟು, ಕೆನ್ನೆ ತಾಗಿಸಿ, ಹಜ್ ಯಾತ್ರೆಗೇ ಹೋದವರಂತೆ ಅದರ ಮುಂದೆ ಧೂಳಿನಲ್ಲಿ ಹೊರಳುತ್ತಾರೆ ಎಂದು ಬರೆಯುತ್ತಾನೆ. ಹಿಂದೂಗಳಲ್ಲಿಯೂ ತಿಳಿದವರು ಒಬ್ಬನೇ ದೇವರನ್ನು ನೆನೆಯುವವರು, ಮೂರ್ತಿ ತಿಳಿಯದವರಿಗಾಗಿ ಎಂಬುದು ಅವನ ವಾದ. ಸೋಮನಾಥದ ಪ್ರಸಂಗದಲ್ಲೂ ಇದೇ ತಾಳ್ಮೆ. ಹೆಸರಿನ ಅರ್ಥ ಚಂದ್ರನ ಒಡೆಯ ಎಂದು ಹೇಳಿ, ಚಂದ್ರನ ಏರಿಳಿತಕ್ಕೆ ತಕ್ಕಂತೆ ಕಡಲಿನ ಭರತ ಬಂದು ಲಿಂಗವನ್ನು ತೊಳೆಯುತ್ತಿದ್ದುದರಿಂದ ಆ ನಂಬಿಕೆ ಬೇರೂರಿತು ಎಂದು ವಿವರಿಸುತ್ತಾನೆ. ಆ ಸ್ಥಳ ಅಷ್ಟು ಹೆಸರಾಗಲು ಇನ್ನೊಂದು ಕಾರಣವನ್ನೂ ಗುರುತಿಸುತ್ತಾನೆ: ಅದು ಆಫ್ರಿಕದ ಸೊಫಾಲಾಕ್ಕೂ ಚೀನಾಕ್ಕೂ ನಡುವೆ ಓಡಾಡುವ ಹಡಗುಗಳು ತಂಗುವ ರೇವು. ಭಕ್ತಿ, ಭರತ, ವ್ಯಾಪಾರ ಮೂರನ್ನೂ ಒಂದೇ ಕಡೆ ಇಟ್ಟು ನೋಡುವ ಈ ಕಣ್ಣು ಆ ಕಾಲದಲ್ಲಿ ಅಪರೂಪದ್ದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಬಿರೂನಿಗೆ ಭಾರತದ ಬಾಗಿಲು ತೆರೆದದ್ದು ಮಹಮೂದನ ಕತ್ತಿ. ಸೋಮನಾಥದ ಲಿಂಗವನ್ನು ಒಡೆದು ಘಜ್ನಿಗೆ ಸಾಗಿಸಿದ್ದನ್ನು ಅವನು ಯಾವ ತಳಮಳವೂ ಇಲ್ಲದೆ ದಾಖಲಿಸುತ್ತಾನೆ. ಸತ್ತ ಸುಲ್ತಾನನಿಗೆ ದೇವರ ಕರುಣೆ ಕೋರುತ್ತಾನೆ, ಅವನ ಸಾಹಸವನ್ನು ಮೆಚ್ಚುತ್ತಾನೆ. ಹಾಗಿದ್ದ ಮೇಲೆ ಇದು ಗೆದ್ದವನು ಸೋತವನ ಬಗ್ಗೆ ಬರೆದ ಪುಸ್ತಕವಲ್ಲವೆ? ಆಕ್ಷೇಪದ ಮೊದಲರ್ಧವನ್ನು ಒಪ್ಪಿಕೊಳ್ಳಲೇಬೇಕು. ದಾಳಿಯಿಲ್ಲದೆ ಈ ಪುಸ್ತಕವಿಲ್ಲ, ಅದನ್ನು ಮರೆಮಾಚಿ ಹೊಗಳುವುದು ಅಪ್ರಾಮಾಣಿಕ. ಆದರೆ ಉಳಿದರ್ಧ ಪುಸ್ತಕದೆದುರು ನಿಲ್ಲುವುದಿಲ್ಲ. ಹಿಂದೂಗಳಿಗೆ ಮುಸ್ಲಿಮರ ಮೇಲೆ ಹಗೆ ಬೇರೂರಿರುವುದಕ್ಕೂ, ಅವರ ವಿದ್ಯೆಗಳು ಮುಸ್ಲಿಮರು ಗೆದ್ದ ಪ್ರದೇಶಗಳನ್ನು ಬಿಟ್ಟು ಕಾಶ್ಮೀರ, ಕಾಶಿಗಳಂಥ ದೂರದ ತಾಣಗಳಿಗೆ ಸರಿದುಹೋಗಿರುವುದಕ್ಕೂ ಇದೇ ದಾಳಿಗಳು ಕಾರಣವೆಂದು ಅವನು ನೇರವಾಗಿ ಬರೆಯುತ್ತಾನೆ. ತನ್ನ ಅಧ್ಯಯನದ ಅಡ್ಡಿಗಳ ಪಟ್ಟಿಯಲ್ಲಿ ತನ್ನ ಸುಲ್ತಾನನ ಕೃತ್ಯವನ್ನು ಸೇರಿಸುವ ವಿದ್ವಾಂಸ ಆಸ್ಥಾನದ ವಂದಿಮಾಗಧನಲ್ಲ. ಮೇಲಾಗಿ, ಪತಂಜಲಿಯ ಕೈವಲ್ಯದ ವಿಚಾರವನ್ನೋ ಕಾಲಮಾನದ ಲೆಕ್ಕವನ್ನೋ ತಿಳಿದ ಮಾತ್ರಕ್ಕೆ ಯಾವ ದಂಡನಾಯಕನಿಗೂ ಕೋಟೆ ಸುಲಭವಾಗುವುದಿಲ್ಲ. ಆಳುವವರು ಈ ಪುಸ್ತಕವನ್ನು ಬಳಸಿಕೊಂಡರು ಎನ್ನುವುದಕ್ಕಿಂತ, ಅದನ್ನು ಬಳಸಿಕೊಳ್ಳಬಲ್ಲ ಓದುಗರೇ ಅದಕ್ಕೆ ಬಹುಕಾಲ ಸಿಗಲಿಲ್ಲ ಎನ್ನುವುದು ಸತ್ಯಕ್ಕೆ ಹತ್ತಿರ.

ಅವನ ತಿರಸ್ಕಾರದ ಮಾತುಗಳನ್ನು ಕುರಿತ ಆಕ್ಷೇಪ ಇದಕ್ಕಿಂತ ಆಳವಾದದ್ದು. ಹಿಂದೂಗಳ ಗಣಿತ, ಖಗೋಳ ಗ್ರಂಥಗಳಲ್ಲಿ ಬೆಲೆಯುಳ್ಳದ್ದೂ ಕಸವೂ ಬೆರೆತು ಬಿದ್ದಿವೆ ಎಂದು ಅವನು ಕಟುವಾಗಿ ಹೇಳುತ್ತಾನೆ. ಅದಕ್ಕೆ ಕೊಡುವ ಕಾರಣ, ಜನಸಮೂಹದ ನಂಬಿಕೆಯ ಎದುರು ನಿಂತು ಸತ್ಯಕ್ಕಾಗಿ ಸಾಯಲೂ ಸಿದ್ಧನಾದ ಸಾಕ್ರಟೀಸನಂಥವನು ಗ್ರೀಕರಲ್ಲಿದ್ದ, ಹಿಂದೂಗಳಲ್ಲಿ ಅಂಥವರು ಇರಲಿಲ್ಲ ಎಂಬುದು. ಇದು ಮೊದಲ ಅಧ್ಯಾಯದ ತೀರ್ಪು. ಈಗ ಗ್ರಹಣಗಳನ್ನು ಕುರಿತ ಅಧ್ಯಾಯಕ್ಕೆ ಬರೋಣ. ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣ, ರಾಹುವಲ್ಲ ಎಂದು ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬರೆದದ್ದನ್ನು ಬಿರೂನಿ ಅಲ್ಲಿ ವಿಸ್ತಾರವಾಗಿ ಕೊಡುತ್ತಾನೆ. ಅನಂತರ ಬ್ರಹ್ಮಗುಪ್ತನ ಸರದಿ. ಗ್ರಹಣದ ಲೆಕ್ಕವನ್ನು ನೆರಳಿನ ಆಧಾರದಲ್ಲೇ ಮಾಡಬಲ್ಲ ಬ್ರಹ್ಮಗುಪ್ತ, ರಾಹುವನ್ನು ಅಲ್ಲಗಳೆದವರು ವೇದ ಸ್ಮೃತಿಗಳಿಗೆ ವಿರುದ್ಧವಾದವರೆಂದು ಆಕ್ಷೇಪಿಸಿದ್ದ. ಹಾಗೆ ಅಲ್ಲಗಳೆದವರೆಂದು ಅವನು ಹೆಸರಿಸಿದವರಲ್ಲಿ ಆರ್ಯಭಟ, ವರಾಹಮಿಹಿರರೂ ಇದ್ದಾರೆ. ಆ ಭಾಗವನ್ನು ಉದ್ಧರಿಸಿದ ಬಿರೂನಿಗೆ ಬ್ರಹ್ಮಗುಪ್ತನ ಮೇಲೆ ಸಿಟ್ಟು ಬರುತ್ತದೆ. ಇಷ್ಟು ಬಲ್ಲವನು ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ಏಕೆ ಬರೆದ ಎಂದು ಯೋಚಿಸಿ, ಸಾಕ್ರಟೀಸನಿಗೆ ಒದಗಿದಂಥ ವಿಪತ್ತು ಇವನನ್ನೂ ಅಮರಿಕೊಂಡಿರಬೇಕು ಎಂದು ಊಹಿಸುತ್ತಾನೆ. ಆ ಮಾತುಗಳಿರುವ ಸಿದ್ಧಾಂತ ಗ್ರಂಥವನ್ನು ಬರೆದಾಗ ಬ್ರಹ್ಮಗುಪ್ತನಿಗೆ ಬರೀ ಮೂವತ್ತು ವರ್ಷ ಎಂಬುದನ್ನೂ ಮರೆಯದೆ ಸೇರಿಸುತ್ತಾನೆ. ಕಟುವಾಗಿ ಬೈದ ಮೇಲೆ ಬೈಸಿಕೊಂಡವನ ಪರವಾಗಿ ಕಾರಣ ಹುಡುಕುವ ಈ ಪುಟಗಳೇ ಗ್ರಂಥದ ಅತ್ಯಂತ ಮಾನವೀಯ ಪುಟಗಳೆಂದು ನನ್ನ ಅಭಿಪ್ರಾಯ.

ಆದರೆ ಈ ಎರಡು ಅಧ್ಯಾಯಗಳನ್ನು ಜೊತೆಗಿಟ್ಟು ಓದಿದರೆ ಮೊದಲನೆಯದರ ತೀರ್ಪು ಕುಸಿಯುತ್ತದೆ. ಸಮೂಹದ ನಂಬಿಕೆಗೆ ಎದುರಾಗಿ, ಧರ್ಮಗ್ರಂಥಗಳಿಗೆ ವಿರುದ್ಧ ಎಂಬ ಆರೋಪವನ್ನು ಹೊತ್ತುಕೊಂಡು, ನೆರಳಿನ ವಿವರಣೆಯನ್ನು ಬಿಡದೆ ಹಿಡಿದವರು ಇದ್ದರು ಎಂದು ಬಿರೂನಿಯೇ ನಮಗೆ ಹೇಳಿದ್ದಾನೆ. ಅವರ ಎದುರಾಳಿಯ ಬಾಯಿಂದಲೇ ಆ ಸಾಕ್ಷ್ಯವನ್ನು ಹೊರಡಿಸಿದ್ದಾನೆ. 499ರ ಹೊತ್ತಿಗೆ ತನ್ನ ಗ್ರಂಥ ರಚಿಸಿದ ಆರ್ಯಭಟನ ಮೂಲ ತನಗೆ ಸಿಗಲಿಲ್ಲ, ಅವನ ಮಾತುಗಳು ತಿಳಿದಿರುವುದು ಬ್ರಹ್ಮಗುಪ್ತನ ಉದ್ಧರಣೆಗಳಿಂದ ಮಾತ್ರ ಎಂದೂ ಅವನು ಒಪ್ಪಿಕೊಂಡಿದ್ದಾನೆ. ವಿರೋಧಿಯ ಮೂಲಕವಷ್ಟೇ ಪರಿಚಯವಾದ ಒಬ್ಬ ಚಿಂತಕನನ್ನು ಒಳಗೊಂಡ ಪರಂಪರೆಗೆ ಸಾಕ್ರಟೀಸ್ ಇಲ್ಲವೆಂದು ಹೇಳುವುದು ಅವನದೇ ನಿಯಮಕ್ಕೆ ಒಗ್ಗದ ಅವಸರ. ಗ್ರೀಕ್ ಅಳತೆಗೋಲು ಕೈಯಲ್ಲಿದ್ದವನಿಗೆ ಅಳತೆ ಮೊದಲೇ ಸಿದ್ಧವಾಗಿತ್ತು. ಆದರೂ ಇದನ್ನು ಇಂದು ನಾವು ತೋರಿಸಿಕೊಡಬಲ್ಲೆವಾದರೆ, ಅದಕ್ಕೆ ಬೇಕಾದ ಉದ್ಧರಣೆಗಳನ್ನು ಅವನು ಅಡಗಿಸದೆ ಇಟ್ಟುಹೋದದ್ದೇ ಕಾರಣ. ತನ್ನ ವಾದಕ್ಕೆ ಅನುಕೂಲವಾದದ್ದನ್ನು ಮಾತ್ರ ಆರಿಸುವ ಲೇಖಕನನ್ನು ಅವನ ಪುಸ್ತಕದಿಂದಲೇ ತಿದ್ದಲು ಆಗುವುದಿಲ್ಲ.

ಇದೇ ಶಿಸ್ತು ಅವನಿಗೊಂದು ಬೇಲಿಯೂ ಆಯಿತು. ಗ್ರಂಥವೇ ಪ್ರಮಾಣವಾದಾಗ ಗ್ರಂಥ ಬರೆಯುವವರ ಲೋಕವೇ ಇಡೀ ಲೋಕವಾಗಿ ಕಾಣುತ್ತದೆ. ವರ್ಣಗಳನ್ನು ಕುರಿತು ಬರೆಯುವಾಗ ಅವನು ಅಂತ್ಯಜರಲ್ಲಿ ಅಗಸ, ಚಮ್ಮಾರ, ಅಂಬಿಗ, ಬೆಸ್ತ, ಬೇಟೆಗಾರ, ನೇಕಾರ ಮೊದಲಾದ ಎಂಟು ಕಸುಬಿನವರನ್ನು ಹೆಸರಿಸುತ್ತಾನೆ. ಅವರು ಊರ ಹತ್ತಿರವಿದ್ದೂ ಊರ ಹೊರಗೇ ವಾಸಿಸುತ್ತಾರೆ ಎನ್ನುತ್ತಾನೆ. ಮನುಷ್ಯರೆಲ್ಲ ಸಮಾನರೆಂಬ ಮುಸ್ಲಿಮರ ನಂಬಿಕೆಗೂ ಇದಕ್ಕೂ ಇರುವ ದೂರವೇ ಎರಡು ಜನಗಳ ನಡುವಿನ ಅತಿ ದೊಡ್ಡ ಅಡ್ಡಿ ಎನ್ನುತ್ತಾನೆ. ಆದರೆ ಆ ನೇಕಾರ, ಆ ಅಂಬಿಗ ದೇವರ ಬಗ್ಗೆ, ಸಾವಿನ ಬಗ್ಗೆ ಏನೆಂದುಕೊಂಡಿದ್ದರು ಎಂದು ಕೇಳಲು ಹೋಗುವುದಿಲ್ಲ. ತಿಳಿದವರು ಮತ್ತು ತಿಳಿಯದವರು ಎಂಬ ಅವನ ವಿಂಗಡಣೆ ಮೂರ್ತಿಪೂಜೆಯ ಅಧ್ಯಾಯದಲ್ಲಿ ನ್ಯಾಯ ಒದಗಿಸಿತು, ಇಲ್ಲಿ ಕಿವಿ ಮುಚ್ಚಿತು. ಬೌದ್ಧರ ಲೋಕವರ್ಣನೆಯ ಬಗ್ಗೆ ಬರೆಯಬೇಕಾದಾಗ, ಅವರ ಪುಸ್ತಕವಾಗಲಿ ತಿಳಿಸಿಕೊಡುವ ಒಬ್ಬ ಬೌದ್ಧನಾಗಲಿ ತನಗೆ ಸಿಗಲಿಲ್ಲ ಎನ್ನುತ್ತಾನೆ. ಜೈನರಿಗೆ ಒಂದು ಅಧ್ಯಾಯವೂ ಇಲ್ಲ. ಅವನು ಓಡಾಡಿದ್ದು ಲಾಹೋರ್, ಪೆಶಾವರ, ಮುಲ್ತಾನ್, ನಂದನಾ ಕೋಟೆಗಳ ಆಸುಪಾಸಿನಲ್ಲಿ. ಅದರಾಚೆ ಹೋಗಿಲ್ಲವೆಂದು ಅವನೇ ಹೇಳಿದ್ದಾನೆ. ದಕ್ಷಿಣ ಅವನಿಗೆ ಹೆಚ್ಚಾಗಿ ಕೇಳಿ ತಿಳಿದ ನಾಡು. ಲಿಪಿಗಳ ಪಟ್ಟಿಯಲ್ಲಿ ಕರ್ಣಾಟ ಲಿಪಿಯ ಹೆಸರಿದೆ: ಅದು ಕರ್ಣಾಟ ದೇಶದ ಬರಹ, ಸೈನ್ಯಗಳಲ್ಲಿ ಕನ್ನರ ಎಂದು ಕರೆಸಿಕೊಳ್ಳುವ ದಂಡಾಳುಗಳು ಬರುವುದು ಅಲ್ಲಿಂದಲೇ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಆ ಲಿಪಿಯಲ್ಲಿ ಪಂಪ, ರನ್ನರು ಆಗಲೇ ಬರೆದು ಮುಗಿಸಿದ್ದರು, ಕಲ್ಯಾಣದ ಚಾಳುಕ್ಯರು ಆಳುತ್ತಿದ್ದರು. ನಮ್ಮವರ ತೋಳ್ಬಲದ ಸುದ್ದಿ ಪಂಜಾಬಿನವರೆಗೆ ಮುಟ್ಟಿತ್ತು, ಕಾವ್ಯದ ಸುದ್ದಿ ಮುಟ್ಟಿರಲಿಲ್ಲ. ಹಿಂದ್ ಎಂದು ಅವನು ಬರೆದಾಗಲೆಲ್ಲ ಅದು ವಾಯವ್ಯದ ಬ್ರಾಹ್ಮಣ ಪಂಡಿತರು ತೋರಿಸಿದ ಹಿಂದ್ ಎಂಬುದನ್ನು ಓದುಗ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಇಂಥ ಕಿರಿದಾದ ಕಿಂಡಿಯಿಂದ ಕಂಡದ್ದನ್ನು ದೇಶವೆಂದು ಕರೆದದ್ದಕ್ಕೆ ಅಷ್ಟೇನು ಬೆಲೆ ಎಂದು ಕೇಳಬಹುದು. ಕಿಂಡಿಯ ಅಳತೆಯನ್ನು ಮುಚ್ಚಿಡದೆ ಹೇಳಿದ್ದಾನೆ ಎಂಬುದೇ ಬೆಲೆ. ಯಾವ ಪುಸ್ತಕ ಸಿಗಲಿಲ್ಲ, ಯಾವ ಊರು ನೋಡಲಿಲ್ಲ, ಯಾವ ಲಿಪಿಕಾರನ ಅಜಾಗರೂಕತೆಯಿಂದ ಪಾಠ ಕೆಟ್ಟಿದೆ ಎಂಬುದನ್ನು ಅವನಷ್ಟು ಬಿಡಿಸಿ ಹೇಳಿದ ಪ್ರಾಚೀನ ಲೇಖಕರು ಬಹಳ ಮಂದಿಯಿಲ್ಲ. ದುಃಖದ ಸಂಗತಿಯೆಂದರೆ ಈ ವಿಧಾನ ಅವನ ನಂತರ ಪರಂಪರೆಯಾಗಿ ಬೆಳೆಯಲಿಲ್ಲ. ಸುಮಾರು ಮುನ್ನೂರು ವರ್ಷಗಳ ಬಳಿಕ ಇರಾನಿನ ರಶೀದುದ್ದೀನ್ ತನ್ನ ಲೋಕಚರಿತ್ರೆಗೆ ಇವನಿಂದ ಮಾಹಿತಿ ತೆಗೆದುಕೊಂಡ. ಆದರೆ ಸಂಸ್ಕೃತ ಕಲಿತು, ಮೂಲ ಹಿಡಿದು ಮುಂದುವರಿಸಿದ ಶಿಷ್ಯರು ಬಿರೂನಿಗೆ ಸಿಗಲಿಲ್ಲ. ಎಡ್ವರ್ಡ್ ಸಖಾವ್ 1887ರಲ್ಲಿ ಅರಬ್ಬಿ ಪಾಠವನ್ನೂ ಮರುವರ್ಷ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಮೇಲೆಯೇ ಗ್ರಂಥ ಲೋಕದ ಕಣ್ಣಿಗೆ ಬಿದ್ದದ್ದು. ಅಂದಿನಿಂದ ಅದು ಬಿಡಿ ಬಿಡಿ ವಾಕ್ಯಗಳಾಗಿ ನಮ್ಮ ವಾಗ್ವಾದಗಳಲ್ಲಿ ಸವೆಯುತ್ತಿದೆ. ಬಿರೂನಿಯ ಹೆಸರು ಹೇಳಿ ಹಿಂದೂಗಳನ್ನೋ ಮುಸ್ಲಿಮರನ್ನೋ ಚುಚ್ಚಲು ಹೊರಟವರು, ಹಾಗೆಯೇ ಅವನನ್ನು ಹೊಗಳಿ ಕೈತೊಳೆದುಕೊಳ್ಳುವವರು, ಮೊದಲ ಅಧ್ಯಾಯಕ್ಕೇ ನಿಲ್ಲದೆ ಕಡೆಯ ಪಕ್ಷ ಮೂರ್ತಿಗಳ ಅಧ್ಯಾಯವನ್ನೂ ಗ್ರಹಣದ ಅಧ್ಯಾಯವನ್ನೂ ಪೂರ್ತಿ ಓದಿ ಆಮೇಲೆ ಮಾತಾಡಲಿ.